ಎಸ್‌ಟಿಡಿ ಕ್ಯಾಬಿನ್ನಿನೊಳಗಿನ ಕತ್ತಲು

೨೦೦೩ರ ಬೇಸಿಗೆಯ ಹೊತ್ತಿಗೆ ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಎದುರಿನ ಮಳಿಗೆ ಸಾಲಿನಲ್ಲಿ ನನ್ನ ಎಸ್‌ಟಿಡಿ ಬೂತಿಗೆ ಹತ್ತು ವರ್ಷ ತುಂಬಿತ್ತು. ಅದರ ಮಾಲೀಕಳೂ ನಾನೇ, ಬೆಳಿಗ್ಗೆ ಕಸ ಗುಡಿಸುವವಳೂ ನಾನೇ. ಈಗಿನವರಿಗೆ ಬಿಡಿಸಿ ಹೇಳಬೇಕೆಂದರೆ, ಮನೆಯಲ್ಲಿ ಫೋನಿಲ್ಲದವರು ದೂರದ ಊರಿಗೆ ಮಾತಾಡಲು ಬರುತ್ತಿದ್ದ ಜಾಗ ಅದು. ಒಳಗಿನ ಮಾತು ಹೊರಗೆ ಕೇಳದಿರಲೆಂದು ಹಲಗೆ ಮತ್ತು ಗಾಜಿನಿಂದ ಮಾಡಿದ, ಒಬ್ಬರು ಕೂರುವಷ್ಟು ಗೂಡಿಗೆ ಕ್ಯಾಬಿನ್ ಎನ್ನುತ್ತಿದ್ದೆವು. ನನ್ನಲ್ಲಿ ಅಂಥವು ಎರಡಿದ್ದವು. ಹಡಗಲಿಯ ಮಲ್ಲಿಗೆ ವ್ಯಾಪಾರಿಗಳು ಹೂವಿನ ದರ ಕೇಳಲು, ಕಾನಹೊಸಹಳ್ಳಿ ಕಡೆಯ ಲಾರಿಯವರು ಮುಂದಿನ ಲೋಡು ವಿಚಾರಿಸಲು ಸಾಲು ನಿಲ್ಲುತ್ತಿದ್ದ ಕಾಲವೊಂದಿತ್ತು. ಆಮೇಲೆ ಕಿರಾಣಿ ಅಂಗಡಿ, ಪಾನ್ ಅಂಗಡಿಗಳಲ್ಲೆಲ್ಲ ನಾಣ್ಯ ಹಾಕಿ ಮಾತಾಡುವ ಕಾಯಿನ್ ಬಾಕ್ಸ್ ಫೋನುಗಳು ನೇತಾಡಿದವು, ದೊಡ್ಡ ವ್ಯಾಪಾರಿಗಳ ಜೇಬಿಗೆ ಮೊಬೈಲ್ ಬಂತು. ನನ್ನ ಒಂದು ಕ್ಯಾಬಿನ್ ಪೂರ್ತಿ ಖಾಲಿ ಬಿತ್ತು.

ವ್ಯಾಪಾರ ಮಾಡುವವರಿಗೆ ನನ್ನದೊಂದು ಮಾತು. ಖಾಲಿ ಬಿದ್ದ ಜಾಗವನ್ನು ನೋಡುತ್ತ ಕೂರಬೇಡಿ. ಆ ಜಾಗಕ್ಕೆ ಏನು ಗುಣವಿದೆ ಎಂದು ಕೇಳಿಕೊಳ್ಳಿ. ನನ್ನ ಕ್ಯಾಬಿನ್ನಿಗೆ ಇದ್ದ ಗುಣ ಒಂದೇ. ಬಾಗಿಲು ಹಾಕಿಕೊಂಡರೆ ಒಳಗಿದ್ದವನು ಒಬ್ಬನೇ ಆಗುತ್ತಿದ್ದ. ಆ ಗುಣ ಯಾವ ಕೆಲಸಕ್ಕೆ ಬರುತ್ತದೆಂದು ಗೊತ್ತಾಗಲು ನನಗೆ ಆರು ತಿಂಗಳು ಹಿಡಿಯಿತು.

ಚೌಕಾಸಿ ನನಗೆ ಅಪ್ಪನಿಂದ ಬಂದದ್ದು. ಅಪ್ಪ ದನದ ದಲಾಲಿ. ದನದ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರೂ ಕೈಗೆ ಕೈ ಕೊಡುತ್ತಾರೆ, ಮೇಲೊಂದು ಟವೆಲ್ ಮುಚ್ಚುತ್ತಾರೆ. ಒಳಗೆ ಬೆರಳು ಹಿಡಿದು, ಒತ್ತಿ, ಬಿಟ್ಟು ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಟವೆಲ್ ಅಲುಗಿದ್ದು ಕಾಣುತ್ತದೆಯೇ ಹೊರತು ಒಳಗಿನ ಲೆಕ್ಕ ತಿಳಿಯುವುದಿಲ್ಲ. ಹೆಣ್ಣುಮಕ್ಕಳು ಆ ಸಂತೆಗೆ ಕಾಲಿಡುತ್ತಿರಲಿಲ್ಲ. ಆದರೆ ಅಪ್ಪ ಮನೆಯಲ್ಲಿ, ಜೋಳದ ಚೀಲದ ಮೇಲೆ ಕೂತು, ನನ್ನ ಕೈ ಹಿಡಿದು ಆ ಬೆರಳಿನ ಭಾಷೆ ಪೂರ್ತಿ ಕಲಿಸಿದ್ದ. ಐದೂ ಬೆರಳು ಹಿಡಿದು ಬಿಟ್ಟು, ಮತ್ತೆ ಎರಡು ಹಿಡಿದರೆ ಏಳು. ಅಂಗೈ ಪೂರ್ತಿ ಒತ್ತಿದರೆ ಒಪ್ಪಿಗೆ.

ಆ ವರ್ಷ ಹುಬ್ಬಳ್ಳಿಗೆ ಹೋಗಿ ಡಿಸ್ಕ್ ಹಾಕಿ ಆಡುವ ವಿಡಿಯೋ ಗೇಮ್ ಯಂತ್ರವನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದೆ. ಕಾರ್ ಓಡಿಸುವ ಆಟ, ಕ್ರಿಕೆಟ್ ಆಟ ಆರಿಸಿಕೊಂಡೆ. ಬೆಲೆ ಮುಗಿದ ಮೇಲೂ ಅಂಗಡಿ ಬಿಟ್ಟು ಏಳಬಾರದು ಎಂಬುದು ನನ್ನ ಪದ್ಧತಿ. ಹತ್ತು ನಿಮಿಷ ಸುಮ್ಮನೆ ಕೂತೆ. ಬೇಸತ್ತ ಅಂಗಡಿಯವನು ಯಾರೂ ಕೇಳದೆ ಧೂಳು ತಿನ್ನುತ್ತಿದ್ದ ಒಂದು ಡಿಸ್ಕನ್ನು ಕೊಸರಾಗಿ ಚೀಲಕ್ಕೆ ಹಾಕಿದ. ಅದರ ರಟ್ಟಿನ ಮೇಲೆ ಇದ್ದದ್ದು ಕಪ್ಪು ಬಣ್ಣ ಮತ್ತು ಒಂದು ಕಂದೀಲು, ಅಷ್ಟೇ.

ಆಟದ ಕತೆ ಹೀಗಿತ್ತು. ಗುಡ್ಡದ ಮೇಲೆ ಮುಚ್ಚಿಹೋದ ಒಂದು ದೊಡ್ಡ ಆಸ್ಪತ್ರೆ. ಕಳೆದುಹೋದ ತಂಗಿಯನ್ನು ಹುಡುಕುತ್ತ ಒಬ್ಬ ಹೆಂಗಸು ಒಳಗೆ ಹೋಗುತ್ತಾಳೆ. ಕೈಯಲ್ಲಿ ಕಂದೀಲು, ಸೊಂಟದಲ್ಲಿ ಕೊಡಲಿ. ಕಂದೀಲಿನ ಎಣ್ಣೆ ಕಡಿಮೆ. ಬತ್ತಿ ಏರಿಸಿದರೆ ದಾರಿ ಕಾಣುತ್ತದೆ, ಆದರೆ ಒಳಗೆ ಓಡಾಡುವ ಆ ‘ಅದಕ್ಕೆ’ ಇವಳೂ ಕಾಣುತ್ತಾಳೆ. ಇಳಿಸಿದರೆ ಬಚಾವು, ಆದರೆ ಎದುರಿಗೆ ಏನಿದೆಯೋ ತಿಳಿಯದು. ಬೀಗ ತೆಗೆಯಬೇಕು, ಕೀಲಿ ಹುಡುಕಬೇಕು, ಸಿಕ್ಕಿಬಿದ್ದರೆ ಕೊಡಲಿ ಬೀಸಬೇಕು. ಪರದೆಯ ಮೇಲೆ ಬರುವ ಇಂಗ್ಲಿಷ್ ನಮ್ಮಲ್ಲಿ ಯಾರೂ ಓದಲಿಲ್ಲ. ಓದುವ ಅಗತ್ಯವೂ ಬೀಳಲಿಲ್ಲ.

ಮೊದಲು ಯಂತ್ರವನ್ನು ಅಂಗಡಿಯ ಮುಂಭಾಗದಲ್ಲಿ, ಬಿಸಿಲಿಗೆ ಎದುರಾಗಿ ಇಟ್ಟಿದ್ದೆ. ಕಂದೀಲಿನ ಆಟ ಹಾಕಿದವರೆಲ್ಲ ಟಿವಿ ಕೆಟ್ಟಿದೆ, ಏನೂ ಕಾಣುವುದಿಲ್ಲ ಎಂದು ದೂರಿದರು. ಗಿರಾಕಿ ಕೇಳಿದ್ದನ್ನು ಕೊಡಬೇಕಲ್ಲ ಎಂದು ಟಿವಿಯ ಬ್ರೈಟ್‌ನೆಸ್ ಪೂರ್ತಿ ಏರಿಸಿದೆ. ಕಪ್ಪಿದ್ದದ್ದೆಲ್ಲ ಬೂದಿ ಬಣ್ಣಕ್ಕೆ ತಿರುಗಿತು, ಕಾರಿಡಾರಿನ ಕೊನೆಯ ಗೋಡೆಯವರೆಗೂ ನಿಚ್ಚಳವಾಗಿ ಕಂಡಿತು. ಗಿರಾಕಿಗಳು ಐದು ನಿಮಿಷ ಆಡಿ ಎದ್ದುಹೋದರು, ಮತ್ತೆ ಆ ಆಟ ಕೇಳಲಿಲ್ಲ. ಡಿಸ್ಕ್ ಪುಕ್ಕಟೆ ಬಂದದ್ದು, ಅದರ ಯೋಗ್ಯತೆಯೂ ಅಷ್ಟೇ ಎಂದುಕೊಂಡೆ.

ತಪ್ಪು ನನ್ನದೆಂದು ತಿಳಿಸಿದವಳು ಹುಲಿಗೆಮ್ಮ. ನಮ್ಮೂರ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು, ನನ್ನದೇ ವಯಸ್ಸು. ಪಾಳಿ ಮುಗಿಸಿ ಬಸ್ಸಿಗೆ ಕಾಯುವಾಗ ನನ್ನ ಅಂಗಡಿಯಲ್ಲಿ ಕೂರುವುದು ರೂಢಿ. ಒಂದು ದಿನ ಸುಮ್ಮನೆ ಆ ಆಟ ಹಿಡಿದಳು, ಆಡಿ ಬದಿಗಿಟ್ಟಳು.

“ಸರೋಜಕ್ಕ, ನೀವು ಬೆಳಕು ಏರ್ಸಿ ದೆವ್ವಾನ ಬಡವ ಮಾಡೀರಿ ನೋಡ್ರಿ,” ಎಂದಳು. “ಮೂಲ್ಯಾಗ ನಿಂತಿದ್ದು ಇಲ್ಲಿಂದನ ಕಾಣ್ತತಿ. ಕಂಡದ್ದಕ್ಕ ಯಾರು ಹೆದರ್ತಾರ?”

ಮರುದಿನವೇ ಟಿವಿ, ಯಂತ್ರ ಎರಡನ್ನೂ ಖಾಲಿ ಕ್ಯಾಬಿನ್ನಿಗೆ ಸಾಗಿಸಿದೆ. ಬ್ರೈಟ್‌ನೆಸ್ ಮೊದಲಿದ್ದಲ್ಲಿಗೆ ಇಳಿಸಿದೆ. ಗಾಜಿನ ಮೇಲೆ ಮನೆಯ ಕರಿ ಕಂಬಳಿ ಇಳಿಬಿಟ್ಟೆ, ಕಾಲ ಬಳಿ ಒಂದು ಟೇಬಲ್ ಫ್ಯಾನ್ ಇಟ್ಟೆ. ಹೊರಗೆ ಬೊಮ್ಮನಹಳ್ಳಿಯ ನಡುಮಧ್ಯಾಹ್ನ ಕಣ್ಣು ಕುಕ್ಕುತ್ತಿದ್ದರೆ ಒಳಗೆ ಗವಿ. ತಿಂಗಳು ಕಳೆಯುವಷ್ಟರಲ್ಲಿ ಕಾರ್ ಆಟಕ್ಕೆ ಇಬ್ಬರಾದರೆ ಕಂದೀಲಿಗೆ ಎಂಟು ಜನ. ಲಾರಿ ಡ್ರೈವರುಗಳು, ಹೂವು ಬಸ್ಸಿಗೆ ಹಾಕಿ ಬಿಡುವಾದ ಹಡಗಲಿಯ ವ್ಯಾಪಾರಿಗಳು, ಕೂಡ್ಲಿಗಿಯಿಂದ ಬರುತ್ತಿದ್ದ ಒಬ್ಬ ಮೇಷ್ಟರು. ಯಾರು ಎಲ್ಲಿವರೆಗೆ ಹೋಗಿದ್ದಾರೆಂಬುದು ಮೆಮೊರಿ ಕಾರ್ಡ್ ಎಂಬ ಸಣ್ಣ ಬಿಲ್ಲೆಯಲ್ಲಿ ಉಳಿಯುತ್ತಿತ್ತು. ನಾಳೆ ಬಂದು ಅಲ್ಲಿಂದಲೇ ಮುಂದುವರಿಸಬಹುದಿತ್ತು.

ಜನ ದುಡ್ಡು ಕೊಟ್ಟು ಯಾಕೆ ಹೆದರುತ್ತಾರೆ ಎಂದು ನಾನು ಬಂದವರನ್ನೆಲ್ಲ ಕೆದಕಿದೆ. ಗಿರಾಕಿ ಏನನ್ನು ಕೊಳ್ಳುತ್ತಿದ್ದಾನೆ ಎಂದು ಗೊತ್ತಿಲ್ಲದೆ ಮಾರಬಾರದು. ಕಾರ್ ಆಟ ಗೆದ್ದವರು ನಗುತ್ತ ಹೋಗುತ್ತಿದ್ದರು, ಸಂತೆ ದಾಟುವಷ್ಟರಲ್ಲಿ ಮರೆಯುತ್ತಿದ್ದರು. ಕಂದೀಲಿನವರು ಬೆವೆತು ಹೊರಬಂದು, ನೀರು ಕೇಳಿ, ನನ್ನೆದುರು ಕೂತು ಪೂರ್ತಿ ಹೇಳುತ್ತಿದ್ದರು. ಎಲ್ಲಿ ಬತ್ತಿ ಇಳಿಸಿದೆ, ಯಾವ ಬಾಗಿಲ ಹಿಂದೆ ಉಸಿರು ಕೇಳಿಸಿತು, ವಾಪಸ್ ತಿರುಗಬಹುದಿತ್ತು, ಆದರೂ ತಿರುಗಲಿಲ್ಲ. ಹೊರಗಿನ ಅಂಜಿಕೆಗಳು ಅವರನ್ನು ಕೇಳಿ ಬರುತ್ತಿರಲಿಲ್ಲ. ಇದೊಂದು ಅಂಜಿಕೆಯ ಬತ್ತಿ ಮಾತ್ರ ಅವರ ಹೆಬ್ಬೆರಳಿನ ಕೆಳಗಿತ್ತು.

ಹುಲಿಗೆಮ್ಮ ಇನ್ನೂ ನೇರವಾಗಿ ಹೇಳಿದಳು. “ವಾರ್ಡಿನ್ಯಾಗ ನಾ ಹೆದರಂಗಿಲ್ಲ ಅಂತ ಎಲ್ಲಾರೂ ತಿಳ್ಕೊಂಡಾರ. ಹೆದರಿದ್ರ ಅಲ್ಲಿ ಕೆಲ್ಸ ಆಗಂಗಿಲ್ರಿ. ಇಲ್ಲಿ ಬಾಗ್ಲಾ ಹಾಕ್ಕೊಂಡು ಒಂದೀಟು ಹೆದರಿ ಹೋಗ್ತೀನಿ, ಹಗುರಾಗ್ತತಿ.”

ಕ್ಯಾಬಿನ್ನಿನ ಗುಣ ನನಗೆ ಅರ್ಥವಾದದ್ದು ಅವತ್ತು.

ಶ್ರಾವಣ ಕಳೆದ ಮೇಲೆ ಒಂದು ಮಧ್ಯಾಹ್ನ ಬಸವರಾಜ ಬಂದ. ಸಂತೆ ಬೀದಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ದಪ್ಪ ಮೀಸೆಯ ಆಳು, ಬಾಗಿಲು ತುಂಬುವ ದೇಹ. ಅದಕ್ಕಿಂತ ಮುಖ್ಯವಾಗಿ ನಮ್ಮ ಮಳಿಗೆ ಸಾಲಿನ ಮಾಲೀಕ ಹಾಲಪ್ಪನವರ ಅಳಿಯ. ಇದರಲ್ಲಿ ಏನಿದೆ ಎಂದು ಜನ ಸಾಯುತ್ತಾರೆ, ಹಚ್ಚು ನೋಡೋಣ ಎಂದು ಒಳಗೆ ಕೂತ. ಹತ್ತು ನಿಮಿಷಕ್ಕೆ ಒಂದು ಕೂಗು, ಆಮೇಲೆ ಗಾಜು ಒಡೆದ ಸದ್ದು. ಆಟದಲ್ಲಿ ಕಪಾಟಿನ ಬಾಗಿಲು ತೆರೆದು ‘ಅದು’ ಮೈಮೇಲೆ ಬಂದಾಗ ಅವನು ಕುರ್ಚಿ ಸಮೇತ ಹಿಂದಕ್ಕೆ ಬಿದ್ದಿದ್ದ. ಮೊಣಕೈ ತಾಗಿ ಬಾಗಿಲಿನ ಗಾಜು ಪುಡಿಯಾಗಿತ್ತು. ಆಸ್ಪತ್ರೆಯಲ್ಲಿ ಎರಡು ಹೊಲಿಗೆ ಹಾಕಿದರು. ಅವನ ಪುಣ್ಯಕ್ಕೆ ಟ್ರೇ ಹಿಡಿದು ನಿಂತಿದ್ದವಳು ಹುಲಿಗೆಮ್ಮ. ನಗಲಿಲ್ಲವೆಂದು ನನಗೆ ಆಣೆ ಮಾಡಿ ಹೇಳಿದಳು.

ಸಂಜೆಯೊಳಗೆ ಸುದ್ದಿ ಬೇರೆಯೇ ಆಗಿತ್ತು. ಸರೋಜಮ್ಮನ ಬೂತಿನಲ್ಲಿ ದೆವ್ವ ಗೊಬ್ಬರದ ಬಸವರಾಜನ ಕಪಾಳಕ್ಕೆ ಹೊಡೆದಿದೆ, ಐದೂ ಬೆರಳು ಮೂಡಿವೆ ಎಂದು. ಕೊಟ್ಟೂರಿನಿಂದ ಬಂದವರು ಕೂಡ ಅದನ್ನೇ ಕೇಳಿದರು. ಬಸವರಾಜ ಇಲ್ಲವೆನ್ನಲಿಲ್ಲ. ಟಿವಿ ನೋಡಿ ಚೀರಿದ ಎನ್ನಿಸಿಕೊಳ್ಳುವುದಕ್ಕಿಂತ ದೆವ್ವದ ಕೈಯಲ್ಲಿ ಹೊಡೆತ ತಿಂದ ಎನ್ನಿಸಿಕೊಳ್ಳುವುದು ಅವನಿಗೆ ಮೇಲೆನಿಸಿತ್ತು.

ಮೂರನೇ ದಿನ ಹಾಲಪ್ಪನವರು ಬಂದರು. ಅಪ್ಪನ ಜೊತೆ ಮೂವತ್ತು ವರ್ಷ ಸಂತೆ ಸುತ್ತಿದ ದಲಾಲಿ, ನನಗೆ ಕಾಕಾ. ಟವೆಲ್ಲಿನೊಳಗೆ ಅವರ ಕೈಗೆ ಕೈ ಕೊಟ್ಟವನು ಸೋಲದೆ ಹೋದದ್ದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಅವರು ಕೂರಲಿಲ್ಲ.

“ಅಮಾಸಿ ಒಳಗ ಆ ಡಿಸ್ಕ್ ಹೊರಗ ಹೋಗ್ಬೇಕು, ಇಲ್ಲಾ ನೀ ಮಳಿಗಿ ಬಿಟ್ಟು ಹೋಗ್ಬೇಕು,” ಎಂದರು. “ಕಾರ್ ಆಟ ಆಡ್ಸು, ಕ್ರಿಕೆಟ್ ಆಡ್ಸು. ಅದಕ್ಕ ಬ್ಯಾಡ ಅನ್ನಂಗಿಲ್ಲ.”

ಅಮಾವಾಸ್ಯೆಗೆ ಒಂಬತ್ತು ದಿನವಿತ್ತು. ಚೌಕಾಸಿ ಬಲ್ಲವರು ಇದನ್ನು ಒಳ್ಳೆಯ ಮಾತು ಎನ್ನುತ್ತಾರೆ. ಒಂದು ಡಿಸ್ಕ್ ಕೊಟ್ಟರೆ ಮಳಿಗೆ ಉಳಿಯುತ್ತದೆ. ನಮ್ಮ ಮನೆಯವರೂ ಅದನ್ನೇ ಹೇಳಿದರು, ಪುಕ್ಕಟೆ ಬಂದದ್ದು ತಾನೆ, ತೆಗೆದು ಒಗಿ ಎಂದರು. ನಾನು ಹುಟ್ಟಿನಿಂದ ಚೌಕಾಸಿ ಮಾಡಿದವಳು. ತರಕಾರಿಯಲ್ಲಿ ಇಳಿದಿದ್ದೇನೆ, ಬಾಡಿಗೆಯಲ್ಲಿ ಇಳಿದಿದ್ದೇನೆ, ಮಗಳ ಮದುವೆ ಮಾತುಕತೆಯಲ್ಲೂ ಎರಡು ಹೆಜ್ಜೆ ಇಳಿದಿದ್ದೇನೆ. ಇಲ್ಲಿ ಮಾತ್ರ ಇಳಿಯಬಾರದೆಂದು ತೀರ್ಮಾನಿಸಿದೆ. ನಾನೇ ಒಮ್ಮೆ, ಕೇಳಿದವರ ಮಾತಿಗೆ ಬೆಳಕು ಏರಿಸಿ ಆ ಆಟವನ್ನು ಕೊಂದಿದ್ದೆ. ಎರಡನೇ ಸಲ ಕೊಲ್ಲಲು ನಾನು ತಯಾರಿರಲಿಲ್ಲ. ಒಮ್ಮೆ ಕೂಡ ಅದನ್ನು ಕೈಯಲ್ಲಿ ಹಿಡಿಯದ ಹಾಲಪ್ಪನವರ ಮಾತಿಗಂತೂ ಇಲ್ಲ.

ಹಟ ಬೇರೆ, ಬೇಜವಾಬ್ದಾರಿ ಬೇರೆ. ಏನು ತಪ್ಪಿತ್ತೆಂದು ಕ್ಯಾಬಿನ್ನಿನಲ್ಲಿ ಕೂತು ನೋಡಿದೆ. ತಪ್ಪಿದ್ದದ್ದು ಕುರ್ಚಿಯಲ್ಲಿ ಮತ್ತು ಗಾಜಿನಲ್ಲಿ. ಕುರ್ಚಿಯ ಕಾಲುಗಳನ್ನು ನೆಲಕ್ಕೆ ಬೋಲ್ಟ್ ಮಾಡಿಸಿದೆ, ಒಡೆದ ಗಾಜಿನ ಜಾಗಕ್ಕೆ ಪ್ಲೈವುಡ್ ಹೊಡೆಸಿದೆ. ಎದೆನೋವಿನವರು, ಬಸುರಿಯರು, ಶಾಲೆ ಮಕ್ಕಳು ಒಳಗೆ ಬರುವಂತಿಲ್ಲ ಎಂದು ಬರೆದು ಹಚ್ಚಿದೆ. ಆಮೇಲೆ ಬೋರ್ಡ್ ಬರೆಯುವವನನ್ನು ಕರೆಸಿ ಬಸ್ ನಿಲ್ದಾಣಕ್ಕೆ ಕಾಣುವ ಹಾಗೆ ದಪ್ಪ ಅಕ್ಷರದಲ್ಲಿ ಬರೆಸಿದೆ: ‘ಕಂದೀಲಿನ ಆಟ. ಹೆದರುವವರಿಗೆ ಮಾತ್ರ. ಧೈರ್ಯವಂತರು ಕಾರ್ ಆಟ ಆಡಬಹುದು.’ ಬೋರ್ಡಿನವನು ಎರಡು ಸಲ ಕೇಳಿದ, ಅಕ್ಕಾ, ಹಿಂಗ ಬರೀಲೇನು ಅಂತ. ಹಿಂಗ ಬರಿ ಎಂದೆ.

ಆ ವಾರ ಗಿರಾಕಿ ಇನ್ನೂ ಹೆಚ್ಚಿದರು.

ಅಮಾವಾಸ್ಯೆಗೆ ಮೂರು ದಿನವಿರುವಾಗ, ಸಂತೆಯ ದಿನ ಹನ್ನೆರಡು ಗಂಟೆಗೆ ಹಾಲಪ್ಪನವರು ಊರಿನ ಇಬ್ಬರು ಹಿರಿಯರನ್ನು, ಕೈಗೆ ಪಟ್ಟಿ ಕಟ್ಟಿಕೊಂಡ ಬಸವರಾಜನನ್ನು ಕರೆದುಕೊಂಡು ಬಂದರು. ಬೋರ್ಡ್ ಓದಿ ಮುಖ ಗಂಟಿಕ್ಕಿದರು. ಸಂತೆಗೆ ಬಂದವರು ಸುತ್ತ ನೆರೆದರು. ನಾನು ಅಂಗಡಿಯಿಂದ ಇಳಿದು ಬಂದು ನಿಂತೆ.

“ಕಾಕಾ, ಬಾಯಿ ತಗದು ಹಲ್ಲು ನೋಡ್ಲಾರದ ಯಾವ ಎತ್ತಿಗಾದ್ರೂ ನೀವು ಬೆಲೆ ಕಟ್ಟೀರೇನು?” ಎಂದು ಕೇಳಿದೆ.

ಅವರು ಕ್ಯಾಬಿನ್ನಿನ ಕಡೆ ನೋಡಿದರು.

“ಹಂಗಿದ್ರ ಅರ್ಧ ತಾಸು ಇದನ್ನ ಕೈಯಾಗ ಹಿಡಿರಿ. ಆಮ್ಯಾಲೆ ಕೆಟ್ಟದ್ದು ಅಂತ ಅಂದ್ರ, ಈಗಿಂದೀಗ ಬೀಗ ನಿಮ್ಮ ಕೈಯಾಗ ಇಡ್ತೀನಿ.”

ಹತ್ತು ವರ್ಷದ ದುಡಿಮೆಯನ್ನು ಆ ಒಂದು ಮಾತಿಗೆ ಕಟ್ಟಿದೆ. ನಮ್ಮ ಮನೆಯವರು ಮುಖ ಆ ಕಡೆ ತಿರುಗಿಸಿದರು. ಹಾಲಪ್ಪನವರು ತಮ್ಮದು ಪೊರೆ ಬಂದ ಕಣ್ಣು, ಆ ಕತ್ತಲಲ್ಲಿ ಏನು ಕಾಣುತ್ತದೆ ಎಂದು ತಪ್ಪಿಸಿಕೊಳ್ಳಲು ನೋಡಿದರು. ಟವೆಲ್ಲಿನೊಳಗೆ ಮಾತ್ರ ನಿಮಗೆ ಕಾಣುತ್ತಿತ್ತೇ ಎಂದು ನಾನು ಕೇಳಿದಾಗ ಸಂತೆಯವರು ನಕ್ಕರು. ಆ ನಗೆಗೆ ಅವರು ಒಳಗೆ ಹೋದರು.

ನಾನು ಬಾಗಿಲಲ್ಲಿ ಕಂಬಳಿಯ ಅಂಚು ಹಿಡಿದು ನಿಂತೆ. ಕಂಟ್ರೋಲರ್, ಅಂದರೆ ಎರಡೂ ಕೈಯಲ್ಲಿ ಹಿಡಿದು ಆಡಿಸುವ ಹಿಡಿಕೆ, ಅವರ ಕೈಗೆ ಕೊಟ್ಟು ನಡೆಯುವುದು, ಬತ್ತಿ ಏರಿಸಿ ಇಳಿಸುವುದು, ಕೊಡಲಿ ಬೀಸುವುದು ತೋರಿಸಿದೆ. ಮೊದಲ ಹತ್ತು ನಿಮಿಷ ಪರದೆಯ ಮೇಲಿನ ಹೆಂಗಸು ಗೋಡೆಗೆ ಹಾಯುತ್ತಲೇ ಇದ್ದಳು. ಹೊರಗಿನಿಂದ ಬಸವರಾಜ ಆಯಿತೇನೆಂದು ಎರಡು ಸಲ ಕೇಳಿದ. ಆಮೇಲೆ ಹಾಲಪ್ಪನವರ ಕೈ ತಟ್ಟನೆ ನಿಂತಿತು.

“ಸರೋಜಾ, ಇದು ಮಿಡೀತೈತಿ,” ಎಂದರು ಸಣ್ಣ ದನಿಯಲ್ಲಿ.

ಅದಕ್ಕೆ ವೈಬ್ರೇಷನ್ ಎನ್ನುತ್ತಾರೆ. ‘ಅದು’ ಹತ್ತಿರ ಬಂದಷ್ಟೂ ಹಿಡಿಕೆ ಎದೆಬಡಿತದಂತೆ ನಡುಗುತ್ತದೆ. ನೋಡುವವರಿಗೆ ಏನೂ ತಿಳಿಯದು, ಹಿಡಿದವನ ಅಂಗೈಗೆ ಮಾತ್ರ ಗೊತ್ತು. ನಾನು ಅಷ್ಟು ಹೇಳಿದ್ದೇ ಸಾಕಾಯಿತು. ಅವರ ಮುಖ ಬದಲಾಯಿತು. ಕಣ್ಣು ಅರ್ಧ ಮುಚ್ಚಿತು, ಮುಖ ಟಿವಿ ಬಿಟ್ಟು ಬೇರೆಲ್ಲೋ ನೋಡುವವರಂತೆ ಓರೆಯಾಯಿತು. ಅಪ್ಪನ ಮಾತಿನಲ್ಲಿ ನೂರು ಸಲ ಕೇಳಿದ್ದ, ಆದರೆ ಹೆಣ್ಣಾದ ತಪ್ಪಿಗೆ ಒಮ್ಮೆಯೂ ನೋಡದಿದ್ದ ಸಂತೆಯ ಹಾಲಪ್ಪ ನನ್ನ ಕ್ಯಾಬಿನ್ನಿನಲ್ಲಿ ಕೂತಿದ್ದರು. ಮಿಡಿತ ಜೋರಾದರೆ ಬತ್ತಿ ಇಳಿಸಿ ಕಾದರು. ಸಣ್ಣದಾದರೆ ಎರಡು ಹೆಜ್ಜೆ ಇಟ್ಟರು. ಬಸವರಾಜ ಬಿದ್ದ ಕಪಾಟನ್ನು ದಾಟಿದರು, ಮೇಷ್ಟರು ವಾರಗಟ್ಟಲೆ ಸಿಕ್ಕಿಕೊಂಡಿದ್ದ ಕಾರಿಡಾರನ್ನೂ ದಾಟಿದರು. ಅರ್ಧ ತಾಸು ಮುಗಿಯಿತೆಂದು ನಾನು ಹೇಳಿದೆ. ಸುಮ್ಮನಿರು ಎಂದು ಗದರಿದರು.

ಮೆಟ್ಟಿಲಿನ ತುದಿಯಲ್ಲಿ ಒಂದು ಜಾಗವಿದೆ. ಅಲ್ಲಿಯ ಗುಟ್ಟು ನನಗೂ ಹುಲಿಗೆಮ್ಮನಿಗೂ ಮಾತ್ರ ಗೊತ್ತಿತ್ತು. ಅಲ್ಲಿ ‘ಅದು’ ತಲೆಯ ಮೇಲೆಯೇ ತೂಗಾಡುತ್ತಿರುತ್ತದೆ, ಆದರೆ ಹಿಡಿಕೆ ನಡುಗುವುದಿಲ್ಲ. ಹಾಲಪ್ಪನವರ ಅಂಗೈ ಶಾಂತವಾಗಿತ್ತು. ನಂಬಿದರು. ಧೈರ್ಯವಾಗಿ ಬತ್ತಿ ಏರಿಸಿದರು.

“ಯಪ್ಪಾ, ಸತ್ನೋ!”

ಕೂಗು ಬಸ್ ನಿಲ್ದಾಣದ ಒಳಗಿನವರಿಗೂ ಕೇಳಿಸಿತಂತೆ. ಬೋಲ್ಟ್ ಹಾಕಿದ ಕುರ್ಚಿ ಅಲುಗಲಿಲ್ಲ. ಕಂಬಳಿ ಸರಿಸಿದಾಗ ಅವರ ಪೇಟ ಕೆಳಗೆ ಬಿದ್ದಿತ್ತು, ಅಂಗಿ ಬೆವರಿಗೆ ಅಂಟಿತ್ತು. ಬೀಗದ ಕೈ ನನ್ನ ಸೆರಗಿನ ಗಂಟಿನಲ್ಲಿತ್ತು, ಅದನ್ನು ಬಿಚ್ಚುವುದೋ ಬೇಡವೋ ಎಂದು ನಿಂತೆ. ಅವರು ಹಿಡಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಐವತ್ತು ವರ್ಸದಾಗ ಯಾವನೂ ನನ್ನ ಬೆರಳಿಗೆ ಸುಳ್ಳು ಹೇಳಿ ದಕ್ಕಿಸ್ಕೊಂಡಿದ್ದಿಲ್ಲ,” ಎಂದರು. “ಇದು ಹೇಳ್ತು ನೋಡು.”

ಅವರು ಹೊರಗೆ ಬಂದಾಗ ಸಂತೆಯವರು ಬಾಗಿಲಿಗೇ ಬಂದು ನಿಂತಿದ್ದರು. ಬಸವರಾಜ ಮುಂದೆ ಬಂದು, ಮಾವನಿಗೂ ಹೊಡೆಯಿತೇ ಎಂದು ಕೇಳಿದ.

“ಯಾರೂ ಹೊಡೀಲಿಲ್ಲ ಅಳಿಯಂದ್ರ,” ಎಂದರು ಹಾಲಪ್ಪನವರು, ಎಲ್ಲರಿಗೂ ಕೇಳುವ ಹಾಗೆ. “ನಾ ಹೆದರಿದೆ. ನೀವೂ ಹೆದರಿದ್ರಿ. ಆಗಿದ್ದು ಅಷ್ಟ.”

ಬಸವರಾಜನ ಮುಖದಲ್ಲಿ ಎಂಟೊಂಬತ್ತು ದಿನದಿಂದ ಕೂತಿದ್ದ ಬಿಗಿ ಸಡಿಲಿದ್ದು ನಾನು ನೋಡಿದೆ. ಹಾಗೆ ಹೇಳಬಹುದೆಂಬುದೇ ಅವನಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಆಮೇಲೆ ನಡೆದದ್ದನ್ನು ಆ ಸಂತೆಯಲ್ಲಿ ಯಾರೂ ಅದಕ್ಕೂ ಮೊದಲು ಕಂಡಿರಲಿಲ್ಲ. ಹಾಲಪ್ಪನವರು ಹೆಗಲ ಮೇಲಿನ ಟವೆಲ್ ತೆಗೆದು, ತಮ್ಮ ಬಲಗೈಯ ಮೇಲೆ ಹೊದಿಸಿ, ನನ್ನ ಮುಂದೆ ಚಾಚಿದರು. ಹಿರಿಯರಲ್ಲೊಬ್ಬರು, ಹೆಣ್ಣುಮಗಳ ಜೊತೆ ಇದೇನಿದು ಎಂದು ಗೊಣಗಿದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೈ ಒಳಗಿಟ್ಟೆ.

ಅವರು ನಾಲ್ಕು ಬೆರಳು ಹಿಡಿದರು. ವಾರಕ್ಕೆ ನಾಲ್ಕು ದಿನ ಆಡಿಸು. ನಾನು ಐದು ಹಿಡಿದು ಬಿಟ್ಟು ಎರಡು ಹಿಡಿದೆ. ಏಳು. ಅವರು ಐದಕ್ಕೆ ಬಂದರು. ನಾನು ಏಳು. ಅವರು ಆರಕ್ಕೆ ಬಂದು, ಅಮಾವಾಸ್ಯೆಯ ಗೌರವಕ್ಕಾದರೂ ಇಳಿ ಎಂಬಂತೆ ಕಿರುಬೆರಳನ್ನು ಮೆಲ್ಲಗೆ ಒತ್ತಿದರು. ಎಂಥವರೂ ಇಳಿಯುತ್ತಿದ್ದ ಒತ್ತು ಅದು. ನಾನು ಮತ್ತೆ ಏಳೇ ಹಿಡಿದೆ, ಈ ಸಲ ಗಟ್ಟಿಯಾಗಿ. ಸ್ವಲ್ಪ ಹೊತ್ತು ಟವೆಲ್ ಅಲುಗಲಿಲ್ಲ. ಆಮೇಲೆ ಅವರ ಅಂಗೈ ನನ್ನ ಅಂಗೈಯನ್ನು ಪೂರ್ತಿ ಒತ್ತಿತು. ಬಿಡುವ ಮೊದಲು ಇನ್ನೂ ಒಂದೇ ಒಂದು ಬೆರಳು ಹಿಡಿದರು.

ಆ ಒಂದು ಬೆರಳು ಏನೆಂದು ಊರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿತು. ಅವರು ತೀರಿಕೊಂಡಿದ್ದಾರೆ, ಈಗ ಹೇಳಬಹುದು. ವಾರಕ್ಕೊಮ್ಮೆ ಒಂದು ತಾಸು ಕ್ಯಾಬಿನ್ ತಮಗೆ ಬಿಡಬೇಕೆಂದು ಕೇಳಿದ್ದರು. ಪ್ರತಿ ಸೋಮವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದ ಹೊತ್ತಿಗೆ, ಫೋನ್ ಮಾಡುವವರಂತೆ ಬಂದು ಕೂರುತ್ತಿದ್ದರು. ತಂಗಿ ಸಿಕ್ಕಳೇ ಎಂದು ಕೇಳಿದರೆ ಸಿಕ್ಕರೆ ಆಟ ಮುಗಿಯುತ್ತದಲ್ಲ ಎನ್ನುತ್ತಿದ್ದರು.

೨೦೦೭ರಲ್ಲಿ ನಾನೇ ಬೂತ್ ಮುಚ್ಚಿ ಮೊಬೈಲ್ ಅಂಗಡಿ ತೆರೆದೆ. ದೆವ್ವಕ್ಕೆ ಹೆದರಿ ಅಲ್ಲ, ಲೆಕ್ಕ ಹಾಕಿ. ಹೊಸದಾಗಿ ಅಂಗಡಿ ಇಡುವವರು ಸಲಹೆ ಕೇಳಿ ಬಂದಾಗ ಇದನ್ನೇ ಹೇಳುತ್ತೇನೆ. ಬೆಲೆಯಲ್ಲಿ ಇಳಿಯಿರಿ, ದಿನದಲ್ಲಿ, ಜಾಗದಲ್ಲಿ ಇಳಿಯಿರಿ. ಆದರೆ ನಿಮ್ಮ ವಸ್ತುವಿನ ಗುಣ ಯಾವುದೋ ಅದನ್ನು ತೆಗೆದುಕೊಡು ಎಂದರೆ ಇಳಿಯಬೇಡಿ, ಕೇಳಿದವರು ಮಳಿಗೆಯ ಮಾಲೀಕರೇ ಆಗಿರಲಿ. ವಸ್ತುವನ್ನು ಮೊದಲು ಅವರ ಕೈಗೆ ಕೊಡಿ, ಆಮೇಲೆ ಮಾತಾಡಿ.

ಆ ಅಮಾವಾಸ್ಯೆಯ ಮರುದಿನ ಬಸವರಾಜ ತಾನಾಗಿಯೇ ಬಂದ. ತಾನು ಒಡೆದದ್ದು, ತಾನೇ ಹಾಕಿಸಿಕೊಡುವುದಾಗಿ ಹೇಳಿ ಕ್ಯಾಬಿನ್ ಬಾಗಿಲಿಗೆ ಹೊಸ ಗಾಜು ಹೊರಿಸಿಕೊಂಡು ಬಂದಿದ್ದ. ಬಿಳಿ ಗಾಜು, ಇನ್ನು ಮುಂದೆ ಒಳಗೆ ಒಂದಿಷ್ಟು ಬೆಳಕು ಬರಲಿ ಎಂದು. ನಾನು ಅದನ್ನು ವಾಪಸ್ ಕಳಿಸಿ ಕಪ್ಪು ಗಾಜು ತರಿಸಿದೆ.